ತಾತ ಊರಿಗೆ ಹೋಗಿದ್ದಾರೆ ಅಂದ ಮೇಲೆ

ಕಳೆದ ಗುರುವಾರ ನಮ್ಮ ಚಿನ್ನುವಿನ ಆಟದ ಚಿಕಿತ್ಸೆಯ, ಅಂದರೆ ಪ್ಲೇ ಥೆರಪಿಯ, ಹನ್ನೆರಡನೆಯ ಸೆಷನ್ ಮುಗಿಯಿತು. ಕೊನೆಯ ರಸೀದಿಯನ್ನು ಫೈಲಿಗೆ ಸೇರಿಸುವಾಗ ನೋಡಿದರೆ ಫೈಲು ಎರಡು ಬೆರಳು ದಪ್ಪ ಆಗಿದೆ. ಆರು ವರ್ಷದ ಹುಡುಗಿಗೆ ಆಟ ಆಡಿಸೋದಕ್ಕೆ ಇಷ್ಟೊಂದು ಕಾಗದವಾ ಅನ್ನಿಸಿತು. ಇದನ್ನೆಲ್ಲ ಯಾರಾದರೂ ಮೊದಲೇ ಬಿಡಿಸಿ ಹೇಳಿದ್ದರೆ ನಾವು ಇಷ್ಟು ತಡಕಾಡುತ್ತಿರಲಿಲ್ಲ. ನಮ್ಮ ಹಾಗೇ ರಾತ್ರಿ ಹನ್ನೊಂದಕ್ಕೆ ಫೋನ್ ಹಿಡಿದು ಹುಡುಕುತ್ತಾ ಕೂತ ಅಪ್ಪ ಅಮ್ಮಂದಿರಿಗೆ ಉಪಯೋಗಕ್ಕೆ ಬರಲಿ ಅಂತ ಬರೆಯುತ್ತಿದ್ದೇನೆ.

ನಮ್ಮದು ಮೈಸೂರು. ಮಾವನವರು ಆಷಾಢದಲ್ಲಿ ಹೋದರು. ಸಂಜೆ ಎದೆನೋವು ಅಂದವರನ್ನು ಆಂಬುಲೆನ್ಸಿನಲ್ಲಿ ಕರೆದೊಯ್ದೆವು, ಮೂರನೆಯ ದಿನ ಐಸಿಯುನಲ್ಲೇ ತೀರಿಕೊಂಡರು. ಚಿನ್ನುವನ್ನು ಟಿವಿಎಸ್‌ನಲ್ಲಿ ಸ್ಕೂಲಿಗೆ ಬಿಡುತ್ತಿದ್ದವರು, ಮಧ್ಯಾಹ್ನ ಕರೆತಂದು ಊಟಕ್ಕೆ ಕೂರಿಸುತ್ತಿದ್ದವರು, ಸಂಜೆ ನಡುಮನೆಯ ಕೆಂಪು ನೆಲದ ಮೇಲೆ ಸೀಮೆಸುಣ್ಣದಲ್ಲಿ ಚೌಕಾಬಾರದ ಮನೆ ಬರೆದು ಕವಡೆ ಹಾಕುತ್ತಿದ್ದವರು ಅವರೇ. ಐಸಿಯು ಒಳಗೆ ಮಕ್ಕಳನ್ನು ಬಿಡಲಿಲ್ಲ. ದೇಹ ಮನೆಗೆ ಬರುವ ಮೊದಲೇ ನನ್ನ ತಮ್ಮ ಬಂದು ಅವಳನ್ನು ಮಂಡ್ಯಕ್ಕೆ, ನಮ್ಮಮ್ಮನ ಮನೆಗೆ ಕರೆದುಕೊಂಡು ಹೋದ. ವೈಕುಂಠ ಸಮಾರಾಧನೆ ಮುಗಿದ ಮೇಲೆ ವಾಪಸ್ ಬಂದಳು. ಮನೆಯಲ್ಲಿ ತಾತನ ಮಂಚ ಇಲ್ಲ, ಕನ್ನಡಕ ಇಲ್ಲ, ಟಿವಿಎಸ್ ಮಾತ್ರ ಗೇಟಿನ ಹತ್ತಿರ ನಿಂತಿದೆ.

‘ತಾತ ಎಲ್ಲಿ?’

‘ಊರಿಗೆ ಹೋಗಿದಾರೆ ಪುಟ್ಟಿ.’

ಮನೆಯಲ್ಲಿದ್ದ ದೊಡ್ಡವರೆಲ್ಲರೂ ಅದನ್ನೇ ಹೇಳಿದೆವು. ಹೀಗೆ ಹೇಳೋಣ ಅಂತ ಯಾರೂ ಮಾತಾಡಿಕೊಂಡಿರಲಿಲ್ಲ, ಆದರೂ ಎಲ್ಲರ ಬಾಯಲ್ಲೂ ಅದೇ ಬಂತು.

ಶ್ರಾವಣ ಶುರುವಾಗುವ ಹೊತ್ತಿಗೆ ಹಾಸಿಗೆ ಒದ್ದೆಯಾಗತೊಡಗಿತು. ಮೂರು ವರ್ಷದಿಂದ ಆಗಿರಲಿಲ್ಲ. ಆಮೇಲೆ ಪ್ರತಿ ಸೋಮವಾರ ಬೆಳಿಗ್ಗೆ ಹೊಟ್ಟೆನೋವು. ಸ್ಕೂಲ್ ಡೈರಿಯಲ್ಲಿ ಕೆಂಪು ಇಂಕಿನಲ್ಲಿ ಬರಹ: ಪಕ್ಕದ ಹುಡುಗಿಯ ಕೈ ಕಚ್ಚಿದ್ದಾಳೆ, ಪುಸ್ತಕ ಹರಿದಿದ್ದಾಳೆ. ಮನೆಯಲ್ಲಿ ಸಣ್ಣ ಮಾತಿಗೂ ನೆಲಕ್ಕೆ ಬಿದ್ದು ಕಾಲು ಬಡಿಯುವಳು. ಅತ್ತೆ ಮೂರು ಸಂಜೆ ಉಪ್ಪು, ಮೆಣಸಿನಕಾಯಿ, ಪೊರಕೆಕಡ್ಡಿಯಲ್ಲಿ ದೃಷ್ಟಿ ತೆಗೆದರು. ನಾನು ಬೇಡ ಅನ್ನಲಿಲ್ಲ. ಅವರಿಗೂ ಏನಾದರೂ ಮಾಡುವ ಕೆಲಸ ಬೇಕಿತ್ತು ಅಂತ ಈಗ ಅನ್ನಿಸುತ್ತೆ.

ಹೊಟ್ಟೆನೋವು ಅಂದಮೇಲೆ ಮೊದಲು ಹೋಗಿದ್ದು ಮಕ್ಕಳ ಡಾಕ್ಟರ ಹತ್ತಿರ. ಯೂರಿನ್ ಟೆಸ್ಟು, ಮಲ ಪರೀಕ್ಷೆ, ಹೊಟ್ಟೆಯ ಸ್ಕ್ಯಾನಿಂಗ್, ಎರಡು ಸಲದ ಫೀಸು ಸೇರಿ 2,350 ರೂಪಾಯಿ. ಎಲ್ಲವೂ ನಾರ್ಮಲ್. ಇದು ದಂಡ ಅಂತ ಆಗ ಗೊಣಗಿದ್ದೆ, ಆದರೆ ಈ ಹೆಜ್ಜೆಯನ್ನು ಬಿಡಬೇಡಿ. ಉಚ್ಚೆಯ ಸೋಂಕಿದ್ದರೂ ಮಕ್ಕಳು ಹಾಸಿಗೆ ಒದ್ದೆ ಮಾಡುತ್ತಾರೆ, ಮೈಯ ಕಾಯಿಲೆ ಇಲ್ಲ ಅಂತ ಖಾತ್ರಿ ಮಾಡಿಕೊಂಡೇ ಮುಂದೆ ಹೋಗಬೇಕು. ಡಾಕ್ಟರು ರಿಪೋರ್ಟು ಮಡಚಿಟ್ಟು, ‘ಮನೆಯಲ್ಲಿ ಇತ್ತೀಚೆಗೆ ಏನಾದ್ರೂ ಆಯ್ತಾ?’ ಅಂತ ಕೇಳಿದರು. ನಾನು ಅಲ್ಲೇ ಅತ್ತುಬಿಟ್ಟೆ. ಚಿನ್ನು ನನ್ನನ್ನೇ ನೋಡುತ್ತಿದ್ದಳು.

ಅವರು ಕ್ಲಿನಿಕಲ್ ಸೈಕಾಲಜಿಸ್ಟ್ ಹತ್ತಿರ ಹೋಗಿ ಅಂತ ಚೀಟಿ ಬರೆದುಕೊಟ್ಟರು. ಅದನ್ನು ಹಿಡಿದು ನಾನು ಮಾಡಿದ ಮೊದಲ ಕೆಲಸ ಆನ್‌ಲೈನಿನಲ್ಲಿ ಆಟಿಕೆ ತರಿಸಿದ್ದು! ಮಕ್ಕಳ ಸಿಟ್ಟಿಗೆ ಆಟಿಕೆ ಅಂತ ಹುಡುಕಿದರೆ ಸಾಲುಸಾಲು ಬರುತ್ತವಲ್ಲ. ಗುದ್ದುವ ಚೀಲ, ಒತ್ತುವ ಪಾಪ್ ಇಟ್, ಹಿಸುಕುವ ಚೆಂಡು, ಭಾವನೆಗಳ ಮುಖ ಇರುವ ಮೆತ್ತನೆ ಗೊಂಬೆ, ಎಲ್ಲಾ ಸೇರಿ 3,400 ರೂಪಾಯಿ. ಅವಳ ಮನಸ್ಸು ಬೇರೆ ಕಡೆ ಹೋಗಲಿ, ತಾತನನ್ನು ಮರೆಯಲಿ ಅಂತ ನನ್ನ ಲೆಕ್ಕ. ಗುದ್ದುವ ಚೀಲವನ್ನು ಎರಡು ದಿನ ಗುದ್ದಿದಳು. ಗುದ್ದಿದಷ್ಟೂ ಮುಖ ಕೆಂಪಾಗಿ ರೇಗುತ್ತಿದ್ದಳೇ ಹೊರತು ಇಳಿಯಲಿಲ್ಲ. ಮೂರನೆಯ ದಿನ ಅಜ್ಜಿಗೇ ಗುದ್ದಿದಳು. ಆ ಚೀಲ ಈಗ ಅಟ್ಟದ ಮೇಲಿದೆ, ಬೇಕಾದವರು ಒಯ್ಯಬಹುದು.

ಸೈಕಾಲಜಿಸ್ಟ್ ಹುಡುಕಿದ್ದು ಇನ್ನೊಂದು ಕಥೆ. ಸರ್ಕಾರಿ ಆಸ್ಪತ್ರೆಯೊಂದರಲ್ಲಿ ಹತ್ತು ರೂಪಾಯಿ ಚೀಟಿ ಮಾಡಿಸಿ ಮೂರು ಗಂಟೆ ಕೂತೆವು. ನೋಡಿದ ಡಾಕ್ಟರು ಒಳ್ಳೆಯವರು, ಆದರೆ ಹಿಂದೆ ಅರವತ್ತು ಜನರ ಸಾಲು. ಮಕ್ಕಳಿಗೆ ಕೂತು ಆಡಿಸುವ ಸೆಷನ್ ಬೇಕು ಅಂದರೆ ಐದು ವಾರ ಆದ ಮೇಲಿನ ತಾರೀಖು ಕೊಟ್ಟರು. ಖಾಸಗಿ ಜಾಗವೊಂದರಲ್ಲಿ ಅವತ್ತೇ ಬನ್ನಿ ಅಂದರು. ಗೋಡೆ ತುಂಬಾ ಕಾರ್ಟೂನು, ಬಾಗಿಲಲ್ಲಿ ಪ್ಲೇ ಥೆರಪಿ ಅಂತ ಬೋರ್ಡು. ಮಗುವನ್ನು ನೋಡುವ ಮೊದಲೇ 24 ಸೆಷನ್ನಿನ ಪ್ಯಾಕೇಜು, 36,000 ರೂಪಾಯಿ, ಮುಂಗಡ ಕಟ್ಟಿದರೆ ಹತ್ತು ಪರ್ಸೆಂಟ್ ಕಡಿಮೆ ಅಂದರು. ಆಡಿಸುವವರ ಆರ್‌ಸಿಐ ನಂಬರ್ ಕೇಳಿದೆ. ‘ನಮ್ಮ ಟೀಮ್ ತುಂಬಾ ಅನುಭವಿಗಳು ಮೇಡಂ’ ಎಂಬ ಉತ್ತರ ಬಂತು. ನಂಬರ್ ಮಾತ್ರ ಬರಲಿಲ್ಲ.

ಈ ನಂಬರಿನ ವಿಷಯ ಹೇಳಿಬಿಡುತ್ತೇನೆ. ನಮ್ಮ ದೇಶದಲ್ಲಿ ಕ್ಲಿನಿಕಲ್ ಸೈಕಾಲಜಿಸ್ಟ್ ಆಗಿ ಕೆಲಸ ಮಾಡುವವರು 1992ರ ಕಾಯ್ದೆಯ ಪ್ರಕಾರ ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ನೋಂದಾಯಿಸಿಕೊಂಡಿರಬೇಕು. ಅದನ್ನೇ ಎಲ್ಲರೂ ಆರ್‌ಸಿಐ ಅನ್ನುವುದು. ಕೇಳುವುದಕ್ಕೆ ಸಂಕೋಚ ಬೇಡ. ನಿಜವಾದವರು ಬೇಜಾರು ಮಾಡಿಕೊಳ್ಳದೆ ಹೇಳುತ್ತಾರೆ. ಮಕ್ಕಳ ಜೊತೆ ಆಟದ ಚಿಕಿತ್ಸೆಯಲ್ಲಿ ಪ್ರತ್ಯೇಕ ತರಬೇತಿ ಆಗಿದೆಯಾ ಅಂತಲೂ ಕೇಳಿ.

ಕೊನೆಗೆ ಮಕ್ಕಳ ಡಾಕ್ಟರೇ ಇನ್ನೊಬ್ಬರ ಹೆಸರು ಕೊಟ್ಟರು. ಅಲ್ಲಿ ಹನ್ನೆರಡು ದಿನ ಕಾಯಬೇಕಿತ್ತು. ಆ ಹನ್ನೆರಡು ದಿನದಲ್ಲಿ ಒಂದು ರಾತ್ರಿ ಚಿನ್ನು ನಿದ್ದೆಯಲ್ಲಿ ಬೆಚ್ಚಿಬಿದ್ದು ಒಂದೂವರೆ ಗಂಟೆ ಅತ್ತಳು. ಯಜಮಾನರು ಹೊಸೂರಿನಲ್ಲಿ ಕೆಲಸ, ಶನಿವಾರ ಮಾತ್ರ ಬರುವುದು. ಏನು ಮಾಡಲೂ ತೋಚದೆ 14416ಕ್ಕೆ ಫೋನ್ ಮಾಡಿದೆ. ಅದು ಟೆಲಿ ಮಾನಸ್, ಮಾನಸಿಕ ಆರೋಗ್ಯದ ಸಹಾಯವಾಣಿ, 2022ರ ಅಕ್ಟೋಬರಿನಲ್ಲಿ ಕೇಂದ್ರ ಸರ್ಕಾರ ಶುರು ಮಾಡಿದ್ದು, ದುಡ್ಡಿಲ್ಲ, ದಿನದ 24 ಗಂಟೆಯೂ ಇರುತ್ತೆ, ಕನ್ನಡದಲ್ಲೇ ಮಾತಾಡಬಹುದು. ಆ ಕಡೆಯ ಹೆಣ್ಣುಮಗಳು ಮಗುವಿಗಿಂತ ಮೊದಲು ನನಗೆ ನೀರು ಕುಡಿಯಲು ಹೇಳಿದಳು.

ಮೊದಲ ಭೇಟಿಗೆ ಬೇಕಾದ ಕಾಗದಪತ್ರ ನಾನು ಅಂದುಕೊಂಡಿದ್ದಕ್ಕಿಂತ ಜಾಸ್ತಿ. ಮಗುವಿನ ಆಧಾರ್, ಲಸಿಕೆ ಕಾರ್ಡು, ನನ್ನ ತಾಯಿ ಕಾರ್ಡು, ಹೆರಿಗೆಯ ಡಿಸ್ಚಾರ್ಜ್ ಸಮರಿ, ಸ್ಕೂಲಿನ ರಿಪೋರ್ಟು, ಟೀಚರ್ ತುಂಬಿಕೊಡಬೇಕಾದ ಎರಡು ಪುಟದ ಫಾರಂ. ಅಂಬೆಗಾಲಿಟ್ಟಿದ್ದು ಯಾವಾಗ, ಮೊದಲ ಮಾತು ಯಾವಾಗ ಅಂತೆಲ್ಲ ಕೇಳುತ್ತಾರೆ, ಮನೆಯಲ್ಲಿ ನೆನಪಿರುವವರನ್ನು ಕೇಳಿ ಬರೆದಿಟ್ಟುಕೊಳ್ಳಿ. ಅಪ್ಪ ಅಮ್ಮ ಇಬ್ಬರ ಸಹಿಯೂ ಬೇಕು ಅಂದರು. ಯಜಮಾನರು ಬರುವವರೆಗೆ ಇನ್ನೊಂದು ವಾರ ಮುಂದಕ್ಕೆ ಹೋಯಿತು. ತಾಯಿ ಕಾರ್ಡು ಎಲ್ಲೂ ಸಿಗಲಿಲ್ಲ. ಕೊನೆಗೆ ಸಿಕ್ಕಿದ್ದು ಮಾವನವರ ಆಸ್ಪತ್ರೆ ಬಿಲ್ಲುಗಳ ಕವರಿನೊಳಗೆ. ಮನೆಯ ಮುಖ್ಯ ಕಾಗದಗಳನ್ನೆಲ್ಲ ಜೋಡಿಸಿಡುತ್ತಿದ್ದವರು ಅವರೇ, ಕೊನೆಯ ದಿನ ಗಡಿಬಿಡಿಯಲ್ಲಿ ಯಾರೋ ಆ ಕವರನ್ನೇ ಎತ್ತಿಕೊಂಡು ಹೋಗಿದ್ದೆವು.

ಸೈಕಾಲಜಿಸ್ಟ್ ಮೇಡಂ ಕೋಣೆ ನೋಡಿ ನನಗೆ ನಿರಾಸೆಯೇ ಆಯಿತು. ಒಂದು ಚಾಪೆ, ಮರಳು ತುಂಬಿದ ನೀಲಿ ಟ್ರೇ, ಪ್ಲಾಸ್ಟಿಕ್ ಪ್ರಾಣಿಗಳು, ಕೈಗೆ ಹಾಕಿಕೊಳ್ಳುವ ಬಟ್ಟೆ ಗೊಂಬೆ, ಡಾಕ್ಟರ್ ಸೆಟ್ಟು, ಹಳೇ ಫೋನು, ಜೇಡಿಮಣ್ಣು, ಬಣ್ಣದ ಸೀಸ. ಇದಕ್ಕೆ 50 ನಿಮಿಷಕ್ಕೆ 900 ರೂಪಾಯಿನಾ ಅಂದುಕೊಂಡೆ. ಮೊದಲ ಎರಡು ಸೆಷನ್ ಚಿನ್ನು ಏನೂ ಮಾಡಲಿಲ್ಲವಂತೆ, ಪ್ರಾಣಿಗಳನ್ನು ಸಾಲಾಗಿ ನಿಲ್ಲಿಸಿ ಕೂತಿದ್ದಳಂತೆ. ನಾನು ಹೊರಗೆ ಬೆಂಚಿನ ಮೇಲೆ ಮನಸ್ಸಿನಲ್ಲೇ ಲೆಕ್ಕ ಹಾಕುತ್ತಿದ್ದೆ: 1,800 ರೂಪಾಯಿಗೆ ಒಂದು ಸಾಲು ಆನೆ, ಕುದುರೆ.

ಮೂರನೆಯ ಸೆಷನ್ನಿನಲ್ಲಿ ಹೊರಗೆ ಕೂತ ನನಗೂ ಕೇಳಿಸುವ ಹಾಗೆ ಒಳಗಿನಿಂದ ಆಂಬುಲೆನ್ಸಿನ ಕೂಗು. ಚಿನ್ನು ಬಾಯಲ್ಲೇ ಮಾಡುತ್ತಿದ್ದಳು. ನಿಲ್ಲುತ್ತಿತ್ತು, ಮತ್ತೆ ಶುರು. ನಾಲ್ಕನೆಯ ವಾರವೂ ಅದೇ. ಅವತ್ತು ಮೇಡಂ ನನ್ನನ್ನು ಒಬ್ಬಳನ್ನೇ ಕರೆದು, ‘ತಾತ ಹೋಗಿದ್ದರ ಬಗ್ಗೆ ಮಗುಗೆ ಏನು ಹೇಳಿದೀರಿ?’ ಅಂದರು. ಊರಿಗೆ ಅಂತ ಹೇಳಿದ್ದೇವೆ ಅಂದೆ. ಮಕ್ಕಳು ಒಳಗೆ ಆಡಿದ್ದನ್ನೆಲ್ಲ ಅವರು ಹೊರಗೆ ಹೇಳುವುದಿಲ್ಲ, ಅದು ಮಗುವಿಗೆ ಅವರು ಕೊಟ್ಟ ಮಾತು. ಆದರೆ ಇದನ್ನು ಅಮ್ಮನಿಗೆ ಹೇಳಬಹುದಾ ಅಂತ ಅವಳನ್ನೇ ಕೇಳಿ ಹೇಳಿದರು. ಚಿನ್ನು ಪ್ರತಿ ಸಲ ಒಂದು ಮುದುಕನ ಗೊಂಬೆಯನ್ನು ಮರಳಿನಲ್ಲಿ ಹೂತು, ಹಳೇ ಫೋನ್ ಎತ್ತಿ, ‘ನಾನು ಹೋಗು ಅಂದಿದ್ದು ಸುಮ್ನೆ, ವಾಪಸ್ ಬಾ’ ಅನ್ನುತ್ತಿದ್ದಳಂತೆ.

ಎದೆನೋವು ಬಂದ ದಿನ ಸಂಜೆ ಚೌಕಾಬಾರದಲ್ಲಿ ಇವಳು ಸೋತಿದ್ದಳು. ತಾತ ಇವಳ ಕಾಯಿ ಹೊಡೆದಿದ್ದರು. ‘ಹೋಗು, ನಿನ್ ಜೊತೆ ಮಾತಾಡಲ್ಲ’ ಅಂತ ಕವಡೆ ಎಸೆದು ಎದ್ದು ಹೋಗಿದ್ದಳು. ನಾನು ಅಡುಗೆಮನೆಯಿಂದ ಕೇಳಿಸಿಕೊಂಡಿದ್ದೆ, ನಕ್ಕಿದ್ದೆ ಕೂಡ. ಒಂದು ಗಂಟೆಯೊಳಗೆ ಆಂಬುಲೆನ್ಸ್ ಬಂತು. ಆಮೇಲೆ ನಾವೆಲ್ಲ ಸೇರಿ ‘ಊರಿಗೆ ಹೋಗಿದಾರೆ’ ಅಂದೆವು. ಹೋಗು ಅಂದಳು, ತಾತ ಹೋದರು. ಎರಡೂವರೆ ತಿಂಗಳು ಅವಳು ಅದನ್ನು ಒಬ್ಬಳೇ ಹೊತ್ತಿದ್ದಳು. ಈ ವಯಸ್ಸಿನ ಮಕ್ಕಳು ತಾವು ಅಂದುಕೊಂಡಿದ್ದೇ, ಆಡಿದ್ದೇ ನಡೆದುಬಿಡುತ್ತೆ ಅಂತ ನಂಬುವುದು ಸಾಮಾನ್ಯವಂತೆ. ನಾನು ಮರೆಸುವುದಕ್ಕೆ ಅಂತ ಆಟಿಕೆ ಕೊಂಡಿದ್ದೆ, ಅವಳಿಗೆ ಬೇಕಿದ್ದಿದ್ದು ಒಂದು ಫೋನು.

ನಿಜ ಹೇಳಲು ಮೇಡಂ ಒಂದೊಂದು ಮಾತನ್ನೂ ನನ್ನ ಕೈಯಲ್ಲಿ ಬರೆಸಿದರು. ‘ಮಲಗಿದ್ದಾರೆ’ ಅನ್ನಬೇಡಿ, ಆಮೇಲೆ ಮಗು ಮಲಗಲು ಹೆದರುತ್ತೆ. ‘ದೇವರು ಕರೆದುಕೊಂಡ’ ಅಂದರೆ ದೇವರ ಮೇಲೇ ಸಿಟ್ಟು, ನನ್ನನ್ನೂ ಕರೆದರೆ ಅಂತ ಭಯ. ಶನಿವಾರ ರಾತ್ರಿ ಅವಳ ಅಪ್ಪ, ನಾನು ಇಬ್ಬರೂ ಚಾಪೆ ಮೇಲೆ ಕೂತು ಹೇಳಿದೆವು. ತಾತ ಸತ್ತುಹೋದರು. ಅವರ ಹೃದಯಕ್ಕೆ ಕಾಯಿಲೆ ಆಗಿತ್ತು, ಡಾಕ್ಟರು ಪ್ರಯತ್ನ ಪಟ್ಟರು, ಆಗಲಿಲ್ಲ. ಅವರು ಇನ್ನು ಬರುವುದಿಲ್ಲ. ನೀನು ಹೋಗು ಅಂದಿದ್ದರಿಂದ ಆಗಿದ್ದಲ್ಲ. ನಾವು ಊರಿಗೆ ಹೋಗಿದ್ದಾರೆ ಅಂದಿದ್ದು ಸುಳ್ಳು, ತಪ್ಪಾಯಿತು. ಅವಳು ಅಳಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು, ‘ಹಾಗಾದ್ರೆ ಟಿವಿಎಸ್ ಇನ್ಮೇಲೆ ಯಾರ್ದು?’ ಅಂದಳು. ಅತ್ತಿದ್ದು ಅವಳಪ್ಪ.

ಅಲ್ಲಿಂದ ಮನೆಕೆಲಸ ಶುರುವಾಯಿತು, ನಮಗೆ. ವಾರಕ್ಕೆ ಮೂರು ದಿನ, 20 ನಿಮಿಷ, ಅದೇ ಚಾಪೆ, ಆಟದ ಸಾಮಾನಿನ ಅದೇ ಪೆಟ್ಟಿಗೆ. ಅವಳು ಆಡಿದ ಹಾಗೆ ನಾನು ಆಡಬೇಕು. ಪ್ರಶ್ನೆ ಕೇಳಬಾರದು, ಕಲಿಸಬಾರದು, ‘ವೆರಿಗುಡ್’ ಕೂಡ ಅನ್ನಬಾರದು. ಕಂಡಿದ್ದನ್ನು ಹೇಳಬೇಕು ಅಷ್ಟೆ: ಓ, ಹುಲಿಗೆ ಸಿಟ್ಟು ಬಂದಿದೆ. ಮೈಮೇಲೆ ಬಂದರೆ ಮಾತ್ರ ಗಟ್ಟಿಯಾಗಿ: ಸಿಟ್ಟು ಬರಬಹುದು, ಹೊಡೆಯುವ ಹಾಗಿಲ್ಲ. 1960ರ ದಶಕದಲ್ಲಿ ಅಮೆರಿಕದ ಬರ್ನಾರ್ಡ್ ಮತ್ತು ಲೂಯಿಸ್ ಗರ್ನಿ ದಂಪತಿ ಅಪ್ಪ ಅಮ್ಮಂದಿರಿಗೇ ಹೀಗೆ ಆಡುವುದನ್ನು ಕಲಿಸಲು ಶುರು ಮಾಡಿದರಂತೆ, ಫಿಲಿಯಲ್ ಥೆರಪಿ ಅಂತ ಅದರ ಹೆಸರು. ಕೇಳಲು ಸುಲಭ. ಬಾಯಿ ಮುಚ್ಚಿಕೊಂಡು 20 ನಿಮಿಷ ಕೂರುವುದು ನನಗೆ ಇಡೀ ಚಿಕಿತ್ಸೆಯಲ್ಲೇ ಕಷ್ಟದ ಭಾಗ. ಮೊದಲ ದಿನ ನಾಲ್ಕನೇ ನಿಮಿಷಕ್ಕೇ ‘ಇದು ಯಾವ ಬಣ್ಣ ಹೇಳು’ ಅಂದುಬಿಟ್ಟಿದ್ದೆ.

ಪೆಟ್ಟಿಗೆಗೆ ಖರ್ಚಾಗಿದ್ದು 640 ರೂಪಾಯಿ. ಕುಂಬಾರಗೇರಿಯಲ್ಲಿ 50 ರೂಪಾಯಿಗೆ ದೊಡ್ಡ ಮುದ್ದೆ ಜೇಡಿಮಣ್ಣು ಸಿಕ್ಕಿತು, ಒದ್ದೆಬಟ್ಟೆ ಸುತ್ತಿಟ್ಟರೆ ತಿಂಗಳು ಬರುತ್ತೆ. ಚನ್ನಪಟ್ಟಣದ ಒಂದು ರೈಲು, ಗಂಡು ಹೆಣ್ಣು ಗೊಂಬೆ ಜೊತೆ. ಆಲೆ ಮರಕ್ಕೆ ಅರಗಿನ ಬಣ್ಣ ಹಾಕಿದ್ದು, ಆಗ ಎಲ್ಲವನ್ನೂ ಕಚ್ಚುತ್ತಿದ್ದಳಲ್ಲ, ಅದಕ್ಕೆ. ಪ್ಲಾಸ್ಟಿಕ್ ಆಟಿಕೆ ಕೊಳ್ಳುವುದಾದರೆ ಐಎಸ್‌ಐ ಗುರುತು ನೋಡಿ, 2021ರ ಜನವರಿಯಿಂದ ಅದು ಕಡ್ಡಾಯ. ಮರಳಿನ ಬದಲು ರಾಗಿ ಹಾಕೋಣ ಅಂದೆ. ತಿನ್ನುವ ಧಾನ್ಯದಲ್ಲಿ ಆಟವಾ ಅಂತ ಅತ್ತೆ ಒಪ್ಪಲಿಲ್ಲ. ಎದುರು ಮನೆ ಕಟ್ಟುತ್ತಿದ್ದವರ ಹತ್ತಿರ ಒಂದು ಬಾಂಡಲಿ ಮರಳು ಇಸಿದುಕೊಂಡು ಜರಡಿ ಹಿಡಿದು ಒಣಗಿಸಿದೆವು. ಎಲ್ಲಕ್ಕಿಂತ ಕೆಲಸಕ್ಕೆ ಬಂದಿದ್ದು ಸೋಪಿನ ನೀರಿನ ಗುಳ್ಳೆ, ಇಪ್ಪತ್ತು ರೂಪಾಯಿಯದು. ದೊಡ್ಡ ಗುಳ್ಳೆ ಬೇಕಾದರೆ ನಿಧಾನಕ್ಕೆ, ಉದ್ದಕ್ಕೆ ಊದಬೇಕು. ಊದುತ್ತಾ ಊದುತ್ತಾ ಭುಜ ಕೆಳಗಿಳಿಯುವುದು ಕಾಣುತ್ತಿತ್ತು. ಉಸಿರಾಟ ಮಾಡು ಅಂತ ಯಾರೂ ಹೇಳಬೇಕಾಗಿರಲಿಲ್ಲ.

ಭಾವನೆಯ ಕಾರ್ಡುಗಳ ವಿಷಯದಲ್ಲಿ ಎಡವಿದೆವು. ಮೇಡಂ ಕೊಟ್ಟಿದ್ದು ಇಂಗ್ಲಿಷಿನವು. ಫ್ರಸ್ಟ್ರೇಟೆಡ್ ಅಂತ ಓದಿ ಹೇಳಿದರೆ ಚಿನ್ನು ಪಿಳಿಪಿಳಿ ನೋಡುವಳು. ಅವರೇ, ನಿಮ್ಮ ಮನೆಯ ಮಾತಲ್ಲಿ ಮಾಡಿ ಅಂದರು. ಹಳೇ ಮದುವೆ ಕಾರ್ಡುಗಳ ಹಿಂದೆ ಬರೆಯುತ್ತಾ ಹೋದೆ: ಸಿಟ್ಟು, ಹೆದರಿಕೆ, ಮುನಿಸು, ನಾಚಿಕೆ, ಹೊಟ್ಟೆಕಿಚ್ಚು, ಬೇಜಾರು. ಅತ್ತೆ ಸೊಪ್ಪು ಬಿಡಿಸುತ್ತಾ ಕೂತಿದ್ದವರು ‘ಸಂಕಟ ಬರಿ’ ಅಂದರು. ಬರೆದೆ. ಮಾರನೆಯ ಸೋಮವಾರ ಸ್ಕೂಲಿಗೆ ಹೊರಡುವ ಹೊತ್ತಿಗೆ ಚಿನ್ನು ಆ ಕಾರ್ಡನ್ನೇ ತಂದು ತನ್ನ ಹೊಟ್ಟೆಗೆ ಒತ್ತಿ ಹಿಡಿದುಕೊಂಡು ನಿಂತಳು. ಸ್ಕ್ಯಾನಿಂಗಿನಲ್ಲಿ ಸಿಗದಿದ್ದಿದ್ದು ಅದು. ನಮ್ಮ ಭಾಷೆಯಲ್ಲಿ ಹೊಟ್ಟೆಗೂ ಮನಸ್ಸಿಗೂ ಸಂಕಟ ಒಂದೇ ಅಲ್ಲವಾ.

ಇಲ್ಲಿಂದ ಎಲ್ಲ ಸರಿಹೋಯಿತು ಅಂದುಕೊಳ್ಳಬೇಡಿ. ನಿಜ ಹೇಳಿದ ಮೇಲೆ ಎರಡು ವಾರ ಎಲ್ಲವೂ ಜಾಸ್ತಿಯೇ ಆಯಿತು. ರೈಲನ್ನು ಗೋಡೆಗೆ ಎಸೆದು ಚಕ್ರ ಮುರಿದಳು, ಹಾಸಿಗೆ ವಾರಕ್ಕೆ ಐದು ದಿನ ಒದ್ದೆ. ಹೀಗಾಗಬಹುದು, ಆಗ ನಿಲ್ಲಿಸಿಬಿಡಬೇಡಿ ಅಂತ ಮೇಡಂ ಮೊದಲೇ ಹೇಳಿರದಿದ್ದರೆ ಖಂಡಿತ ನಿಲ್ಲಿಸಿಬಿಡುತ್ತಿದ್ದೆ. ಸ್ಕೂಲಿನಲ್ಲಿ ಒಬ್ಬ ಟೀಚರು ಇಡೀ ಕ್ಲಾಸಿನ ಮುಂದೆ ‘ಅವಳಿಗೆ ಥೆರಪಿ ನಡೀತಿದೆ, ತಂಟೆಗೆ ಹೋಗಬೇಡಿ’ ಅಂದುಬಿಟ್ಟರು. ಒಳ್ಳೆಯ ಉದ್ದೇಶವೇ ಇರಬಹುದು. ಮೂರು ದಿನ ಸ್ಕೂಲಿಗೆ ಹೋಗಲಿಲ್ಲ. ಫಾರಂ ಕೊಡುವಾಗಲೇ ‘ಇದು ನಮ್ಮಲ್ಲೇ ಇರಲಿ’ ಅಂತ ಬಾಯಿಬಿಟ್ಟು ಹೇಳಿಬಿಡಿ.

ಅಷ್ಟರಲ್ಲಿ ದಸರಾ ಬಂತು. ನಮ್ಮನೆಯಲ್ಲಿ ಗೊಂಬೆ ಕೂರಿಸುತ್ತೇವೆ. ವರ್ಷ ತುಂಬುವವರೆಗೆ ಹಬ್ಬ ಮಾಡುವ ಹಾಗಿಲ್ಲವಲ್ಲ, ಈ ಸಲ ಗೊಂಬೆ ಇಲ್ಲ ಅಂದರು ಅತ್ತೆ. ಅಕ್ಕಪಕ್ಕದ ಮನೆಗಳಲ್ಲಿ ಗೊಂಬೆ ಬಾಗಿನ ಕೊಡುತ್ತಿದ್ದರೆ ಚಿನ್ನು, ‘ತಾತನ್ನ ಊರಿಗೆ ಅಂದ್ರಿ, ಈಗ ಗೊಂಬೇನೂ ಇಲ್ವಾ’ ಅಂತ ರಂಪ ಮಾಡಿದಳು. ನಾನು ಮೇಡಂ ಹತ್ತಿರ ಹೇಳಿಕೊಂಡೆ. ಅವರು ಪದ್ಧತಿಯ ಮಾತೇ ಎತ್ತಲಿಲ್ಲ. ‘ವರ್ಷಕ್ಕೊಂದು ಸಲ ಗೊಂಬೆ ಒರೆಸಿಡಬೇಕಲ್ವಾ, ಅದನ್ನು ಅಜ್ಜಿ ಮೊಮ್ಮಗಳು ಮಾಡಲಿ’ ಅಂದರು. ಒರೆಸುವುದಕ್ಕೆ ಅತ್ತೆಯ ಅಡ್ಡಿ ಇರಲಿಲ್ಲ.

ಟ್ರಂಕು ಇಳಿಸಿದೆವು. ಹಳೇ ಮಲ್ಲು ಪಂಚೆಯ ತುಂಡಿನಲ್ಲಿ ಸುತ್ತಿಟ್ಟ ಒಂದೊಂದನ್ನೇ ಬಿಚ್ಚಿ ಚಿನ್ನು ಒರೆಸುತ್ತಿದ್ದಳು. ಆ ಪಂಚೆಯೂ ಮಾವನವರದೇ. ತಳದಲ್ಲಿ ಪಟ್ಟದ ಗೊಂಬೆ, ರಾಜ ಮತ್ತು ರಾಣಿ, ರಕ್ತಚಂದನದ್ದು. ಅತ್ತೆಯ ಮದುವೆಯಲ್ಲಿ ಅವರ ತವರಿನವರು ಕೊಟ್ಟಿದ್ದು. ಚಿನ್ನು ರಾಜನನ್ನು ತೆಗೆದು ನೆಲದ ಮೇಲೆ ಮಲಗಿಸಿದಳು. ಬಾಯಲ್ಲಿ ಆಂಬುಲೆನ್ಸ್ ಕೂಗು ಮಾಡಿದಳು. ನಾನು ಬಾಗಿಲಲ್ಲಿ ನಿಂತಿದ್ದವಳು ತಡೆಯಲು ಹೆಜ್ಜೆ ಮುಂದಿಟ್ಟೆ.

‘ಅಜ್ಜಿ, ನೀನು ಡಾಕ್ಟರಾಗು.’

ಅತ್ತೆ ಕನ್ನಡಕ ತೆಗೆದಿಟ್ಟರು. ರಾಜನ ಎದೆಯ ಮೇಲೆ ಎರಡು ಬೆರಳಿಟ್ಟರು. ‘ತುಂಬಾ ನೋವಾಗಿದೆ ಇವರಿಗೆ’ ಅಂದರು.

‘ಸಾಯ್ತಾರಾ?’

‘ಹೂಂ ಕಣೆ.’

‘ರಾಣಿ ಏನ್ ಮಾಡ್ತಾಳೆ?’

ಅತ್ತೆ ರಾಣಿಯನ್ನು ಕೈಗೆತ್ತಿಕೊಂಡರು, ಏನೂ ಹೇಳಲಿಲ್ಲ. ಹದಿಮೂರು ದಿನದ ಕೆಲಸದಲ್ಲೂ ಅಡುಗೆಯವರಿಗೆ ಲೆಕ್ಕ ಹೇಳುತ್ತಾ ಓಡಾಡಿದ್ದವರು ಅವತ್ತು ಕೂತಲ್ಲೇ ಅತ್ತರು. ಚಿನ್ನು ಎದ್ದು ಹೋಗಿ ಸಂಕಟದ ಕಾರ್ಡು ತಂದು ಅವರ ಮಡಿಲಲ್ಲಿಟ್ಟಳು. ನಾನು ಅಡುಗೆಮನೆಗೆ ಬಂದುಬಿಟ್ಟೆ.

ಆಮೇಲಿನದು ಬೇಗ ಹೇಳುತ್ತೇನೆ. ಕಾರ್ತೀಕದಿಂದ ಹಾಸಿಗೆ ಒಣಗಿತು. ಮಧ್ಯೆ ಮೇಡಂ ರಜೆ, ಚಿನ್ನುವಿಗೆ ಜ್ವರ ಅಂತ ಮೂರು ವಾರ ತಪ್ಪಿತು. ಕೊನೆಯ ಎರಡು ಸೆಷನ್ನುಗಳು ಬರೀ ಬೀಳ್ಕೊಡುಗೆಗೆ. ಎಷ್ಟು ಸಲ ಉಳಿದಿದೆ ಅಂತ ಮಗುವಿಗೆ ಮೊದಲೇ ಹೇಳಿ, ಒಂದೊಂದೇ ಗೋಲಿ ತೆಗೆಯುತ್ತಾ ಬಂದರು. ಇವರೂ ಹೇಳದೆ ಹೋಗಿಬಿಟ್ಟರು ಅನ್ನಿಸಬಾರದಲ್ಲ. ಮಧ್ಯದಲ್ಲೇ ಸೆಷನ್ ನಿಲ್ಲಿಸುವ ಪ್ರಸಂಗ ಬಂದರೂ ಕೊನೆಯ ಭೇಟಿ ಒಂದನ್ನು ಮಾಡಿಸಿ ನಿಲ್ಲಿಸಿ.

ಲೆಕ್ಕ ಕೇಳುವವರಿಗೆ: ಮೊದಲ ಮೌಲ್ಯಮಾಪನಕ್ಕೆ 1,500, ಹನ್ನೆರಡು ಸೆಷನ್ನಿಗೆ 10,800, ಹದಿಮೂರು ಸಲದ ಆಟೋ 3,120. ಡಾಕ್ಟರು, ಟೆಸ್ಟು, ದಂಡಕ್ಕೆ ಹೋದ ಆಟಿಕೆ, ಕೆಲಸಕ್ಕೆ ಬಂದ ಪೆಟ್ಟಿಗೆ ಎಲ್ಲಾ ಸೇರಿದರೆ 21,810 ರೂಪಾಯಿ. ನಮ್ಮ ಪಾಲಿಸಿಯಲ್ಲಿ ಹೊರರೋಗಿ ಖರ್ಚು ಸೇರಿರಲಿಲ್ಲ, ಒಂದು ಪೈಸೆಯೂ ಬರಲಿಲ್ಲ. ನಿಮ್ಮದರಲ್ಲಿ ಇದೆಯಾ ನೋಡಿಕೊಳ್ಳಿ, ರಸೀದಿ ಇಟ್ಟುಕೊಳ್ಳಿ. ಐದು ವಾರ ಕಾಯುವ ತಾಳ್ಮೆ ಇರುವವರಿಗೆ ಸರ್ಕಾರಿ ಆಸ್ಪತ್ರೆಯೇ ಸಾಕು. ನನಗೆ ಇರಲಿಲ್ಲ.

ಸೋಮವಾರದ ಹೊಟ್ಟೆನೋವು ಈಗಲೂ ಒಮ್ಮೊಮ್ಮೆ ಇದೆ. ನಿನ್ನೆ ಸಂಜೆ ಅಜ್ಜಿ ಮೊಮ್ಮಗಳು ಚೌಕಾಬಾರ ಆಡುತ್ತಿದ್ದರು. ಅತ್ತೆಗೆ ಬಾರ ಬಿತ್ತು, ಹಣ್ಣಾಗುವುದರಲ್ಲಿದ್ದ ಚಿನ್ನುವಿನ ಕಾಯಿ ಹೊಡೆದರು. ‘ಹೋಗು, ನಿನ್ ಜೊತೆ ಮಾತಾಡಲ್ಲ’ ಅಂದಳು. ಅಂದವಳೇ ಗಕ್ಕನೆ ನಿಂತು ಅಜ್ಜಿಯ ಮುಖ ನೋಡಿದಳು.

ಅತ್ತೆ ಕವಡೆ ಬಾಚಿಕೊಳ್ಳುತ್ತಾ, ‘ಎಲ್ಲಿಗೆ ಹೋಗ್ಲಿ, ಒಲೆ ಮೇಲೆ ಕುಕ್ಕರ್ ಇದೆ. ಹಾಕು, ನಿನ್ನಾಟ’ ಅಂದರು.